ಕಾಲಿಗೊಂದು ಸಮಾಧಿ

ನಮ್ಮ ಅತ್ತೆ ತಮ್ಮ ಬಿದ್ದ ಹಲ್ಲುಗಳನ್ನೆಲ್ಲ ನಶ್ಯದ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ನಾನು ಮದುವೆಯಾಗಿ ಮಾಗಡಿ ರಸ್ತೆಯ ಆ ಮನೆಗೆ ಬಂದ ಮೊದಲ ವಾರ, ಗೋಡೆಯ ಗೂಡು ಒರೆಸುವಾಗ ಡಬ್ಬಿ ಕೈಗೆ ಸಿಕ್ಕಿತು. ಅಲ್ಲಾಡಿಸಿದರೆ ಗಲಗಲ ಅಂದಿತು. ಮುಚ್ಚಳ ತೆಗೆದವಳು ಹೌಹಾರಿ ಹಿಂದೆ ಸರಿದೆ. ಅತ್ತೆ ನಿಧಾನವಾಗಿ ಬಂದು ಡಬ್ಬಿ ಎತ್ತಿಕೊಂಡು, "ನನ್ನವೇ ಕಣೇ. ನಾನು ಹೋದಾಗ ಪೆಟ್ಟಿಗೆ ಒಳಗೆ ಹಾಕ್ಬಿಡು. ಕಡೇ ದಿನ ಎದ್ದಾಗ ಬೊಚ್ಚುಬಾಯಲ್ಲಿ ದೇವ್ರ ಮುಂದೆ ನಿಲ್ಲಕ್ಕಾಗುತ್ತಾ?" ಅಂದರು.

ನಾನು ಕೆಂಗೇರಿ ಕಡೆಯವಳು, ನಮ್ಮದೂ ಕಥೋಲಿಕ ಮನೆತನವೇ. ಸತ್ತ ಕೂಡಲೇ ಆತ್ಮಕ್ಕೆ ಒಂದು ತೀರ್ಪು, ಲೋಕದ ಕೊನೆಗೆ ಎಲ್ಲರ ಎದುರು ಇನ್ನೊಂದು, ಆ ದಿನ ಆತ್ಮ ತನ್ನ ಶರೀರವನ್ನು ಮತ್ತೆ ಸೇರಿಕೊಂಡು ಎದ್ದು ನಿಲ್ಲುತ್ತದೆ ಎಂದು ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ಸಂತರ ಚಿತ್ರವೊಂದು ಬಹುಮಾನವಾಗಿಯೂ ಸಿಕ್ಕಿತ್ತು. ಆದರೆ ಅದನ್ನು ಹೀಗೆ ಹಲ್ಲು ಹಲ್ಲಾಗಿ ನಂಬುವವರನ್ನು ನೋಡಿದ್ದು ಅದೇ ಮೊದಲು. ನನಗೆ ನಗು ಬಂತು. ಅತ್ತೆಗೆ ಅದು ಕಾಣಿಸಿತು, ಅಲ್ಲಿಂದಲೇ ನಮ್ಮಿಬ್ಬರ ಜಟಾಪಟಿ ಶುರುವಾಯಿತು.

ನಮ್ಮ ಯಜಮಾನರು ಗಾರೆ ಕೆಲಸದ ಮೇಸ್ತ್ರಿ. ರಾಜಾಜಿನಗರ ಇನ್ನೂ ಏಳುತ್ತಿದ್ದ ಕಾಲ ಅದು. ರಾಗಿ ಹೊಲಗಳಲ್ಲಿ ಗೂಟ ಹೊಡೆದು ಸೈಟು ಮಾಡಿದ್ದರು. ಒಂದು ಮನೆಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದರೆ ಪಕ್ಕದ ಸೈಟಿನಲ್ಲಿ ಹಸು ಮೇಯುತ್ತಿತ್ತು. ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದವರು ಆ ಹೊಲಗಳ ಗೌಡರೇ. ಅವರ ಮನೆಯ ಅಜ್ಜಿಗೂ ನಮ್ಮ ಅತ್ತೆಗೂ ಜಗಲಿಯ ಮೇಲೆ ದಿನಾ ಮಾತು. ಒಮ್ಮೆ ಅಜ್ಜಿ ಕೇಳಿದರು, "ಅಲ್ಲ ಕಣಮ್ಮ, ನಿಮ್ಮಲ್ಲಿ ಸತ್ತೋರೆಲ್ಲ ಒಂದೇ ದಿನ ಎದ್ದು ಬಂದ್ರೆ ನಿಂತ್ಕೊಳಕ್ಕೆ ಜಾಗ ಎಲ್ಲೈತೆ? ಇರೋ ಹೊಲಾನೆಲ್ಲ ಸೈಟ್ ಮಾಡ್ಬಿಟ್ರಲ್ಲ." ಅತ್ತೆ ಚೂರೂ ಯೋಚಿಸಲಿಲ್ಲ. "ನಿಮ್ಮೋರೂ ಬರ್ತಾರೆ, ಎಲ್ರೂ ಬರ್ತಾರೆ. ಜಾಗ ಎಬ್ಬಿಸೋನು ನೋಡ್ಕೋತಾನೆ ಬಿಡಿ." ತಮ್ಮವರೂ ಬರುತ್ತಾರೆ ಅಂದದ್ದು ಕೇಳಿ ಅಜ್ಜಿಗೆ ಸಮಾಧಾನವಾಯಿತು.

ಈಸ್ಟರ್ ಕಳೆದು ಎರಡು ಮೂರು ವಾರವಾಗಿರಬೇಕು. ಯಜಮಾನರು ಕಟ್ಟುತ್ತಿದ್ದ ಒಂದು ಮನೆಗೆ ಸೋಮವಾರ ಬೆಳಗ್ಗೆ ಗೃಹಪ್ರವೇಶದ ಮುಹೂರ್ತ. ಮುಂಬಾಗಿಲ ಮೆಟ್ಟಿಲಿಗೆ ಬೇಕಾದ ಚಪ್ಪಡಿಗಳು ಬಂದದ್ದು ಶನಿವಾರ ಸಂಜೆ. ಭಾನುವಾರ ಕೆಲಸ ಮಾಡದೆ ಬೇರೆ ದಾರಿ ಇರಲಿಲ್ಲ. ಭಾನುವಾರ ಕೂಲಿ ಕೆಲಸ ಮಾಡುವುದೂ ಚರ್ಚಿನ ಪೂಜೆ ತಪ್ಪಿಸುವುದೂ ನಮ್ಮಲ್ಲಿ ದೊಡ್ಡ ಪಾಪ. ಅವರು ತಲೆಗೆ ಟವೆಲ್ ಸುತ್ತಿಕೊಂಡು, "ಒಂದು ವಾರಕ್ಕೆ ದೇವ್ರೇನೂ ಕೋಪಿಸ್ಕೊಳಲ್ಲ ಕಣಮ್ಮ" ಎಂದು ತಾಯಿಗೆ ಹೇಳಿ ಹೊರಟರು. ನಾವು ಅತ್ತೆ ಸೊಸೆ ಪೂಜೆಗೆ ಹೋದೆವು. ಪೂಜೆ ಮುಗಿದು ಹೊರಗೆ ಬರುವಷ್ಟರಲ್ಲಿ ಸುದ್ದಿ ಬಂತು. ಚಪ್ಪಡಿ ಇಳಿಸುವಾಗ ಹಗ್ಗ ಜಾರಿ ಕಲ್ಲು ಅವರ ಬಲಗಾಲಿನ ಮೇಲೆ ಬಿದ್ದಿತ್ತು.

ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಅವರಿಗೆ ಪ್ರಜ್ಞೆ ಇರಲಿಲ್ಲ. ಸಂಜೆಯವರೆಗೂ ಉಳಿಯುವುದು ಕಷ್ಟ ಎಂದಾಗ ನಮ್ಮ ಚರ್ಚಿನ ಸ್ವಾಮಿಗಳನ್ನು ಕರೆಸಿದೆವು. ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯನ್ನು ಅವರು ಕಣ್ಣು, ಕಿವಿ, ಮೂಗು, ತುಟಿ, ಕೈಗಳಿಗೆ ಹಚ್ಚಿ ಕೊನೆಗೆ ಪಾದಗಳಿಗೆ ಬಂದರು. ಬಲಗಾಲಿನಲ್ಲಿ ಬಟ್ಟೆ ಸುತ್ತದೆ ಉಳಿದಿದ್ದದ್ದು ಹೆಬ್ಬೆರಳಷ್ಟೇ. ಅದಕ್ಕೇ ಎಣ್ಣೆ ಮುಟ್ಟಿಸಿದರು. ನನಗೆ ಇಪ್ಪತ್ತೊಂದು ವರ್ಷ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗೋಡೆಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ.

ಅವರು ಸಾಯಲಿಲ್ಲ. ಸೋಮವಾರ ಕಣ್ಣು ಬಿಟ್ಟರು. ಆದರೆ ಮೊದಲು ನೋಡಲು ಬಂದವರು ನಮ್ಮ ಚರ್ಚಿನ ಉಪದೇಶಿ. ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವುದು, ಗಂಟೆ ಹೊಡೆಯುವುದು, ಸಮಾಧಿ ಭೂಮಿ ನೋಡಿಕೊಳ್ಳುವುದು ಎಲ್ಲ ಅವರದೇ. ನಿಯಮ ಅಂದರೆ ಪ್ರಾಣ. ಮಂಚದ ಪಕ್ಕ ನಿಂತು, "ಏನು ಮಾಡೋದಪ್ಪ, ಭಾನುವಾರ ಪೂಜೆ ಬಿಟ್ಟು ಕಲ್ಲು ಎತ್ತಕ್ಕೆ ಹೋದೆ. ದೇವ್ರು ಅಲ್ಲೇ ತೀರ್ಪು ಕೊಟ್ಬಿಟ್ಟ" ಅಂದರು. ಕೆಟ್ಟ ಮನುಷ್ಯರಲ್ಲ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಆದರೆ ಆ ನೀರನ್ನು ಹಿಡಿದು ಅವರ ಮುಖಕ್ಕೇ ಎರಚಬೇಕು ಅನ್ನಿಸಿತು ನನಗೆ.

ಯಜಮಾನರು ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿಂದ ಈ ಕಡೆ ತಿರುಗಲೇ ಇಲ್ಲ. ಗಂಜಿ ತಂದರೆ ಬೇಡ, ಹಾಲು ತಂದರೆ ಬೇಡ. ಪಾಪನಿವೇದನೆ ಕೇಳಲು ಬಂದ ಸ್ವಾಮಿಗಳಿಗೂ ಬೆನ್ನು. "ಶಿಕ್ಷೆ ಕೊಟ್ಟಾದ್ಮೇಲೆ ಇನ್ನು ವಿಚಾರಣೆ ಯಾಕೆ ಸ್ವಾಮಿ?" ಎಂದಷ್ಟೇ ಅಂದರು. ಬುಧವಾರ ಬೆಳಗ್ಗೆ ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದರು. ಡಾಕ್ಟರು ಹೊರಗೆ ಬಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಿದರು: "ನಮ್ಮ ಕೆಲ್ಸ ಆಯ್ತಮ್ಮ. ಇನ್ನು ಅವ್ರು ತಿನ್ಬೇಕು, ಬದುಕ್ಬೇಕು ಅನ್ಬೇಕು. ಹೀಗೇ ಗೋಡೆ ನೋಡ್ತಾ ಮಲಗಿದ್ರೆ ನಾಕು ದಿನದ ಮೇಲೆ ನಾನೇನೂ ಹೇಳಲಾರೆ."

ನಾನು ಅಳುತ್ತಿದ್ದೆ. ಅತ್ತೆ ಅಳಲಿಲ್ಲ. "ಕಾಲು ಎಲ್ಲಿ ಸಾರ್?" ಎಂದು ಕೇಳಿದರು.

ಹಿಂದಿನ ಷೆಡ್ಡಿನಲ್ಲಿ ಇಟ್ಟಿರುತ್ತಾರೆ, ನಾಳೆ ಮಧ್ಯಾಹ್ನ ಉಳಿದದ್ದರ ಜೊತೆ ಸುಡುತ್ತಾರೆ ಎಂದರು ಡಾಕ್ಟರು. "ಸುಡೋ ಹಂಗಿಲ್ಲ. ನಂಗೆ ಕೊಡಿ, ನಾವು ಮಣ್ಣು ಮಾಡ್ಬೇಕು" ಅಂದರು ಅತ್ತೆ. ಡಾಕ್ಟರು ಅವರ ಮುಖ ನೋಡಿ, ಚರ್ಚಿನಿಂದ ಒಂದು ಕಾಗದ ತಂದರೆ ಕೊಡಿಸುತ್ತೇನೆ ಅಂದು ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತ್ತೆಯ ಮೇಲೆ ದನಿ ಎತ್ತಿದ್ದು ಅವತ್ತೇ ಮೊದಲು, ಅದೂ ಆಸ್ಪತ್ರೆಯ ವರಾಂಡದಲ್ಲಿ, ನಾಲ್ಕು ಜನರ ಎದುರು. "ಮನುಷ್ಯ ಅಲ್ಲಿ ಸಾಯ್ತಾ ಮಲಗಿದಾರೆ, ನಿಮಗೆ ಕಾಲಿನ ಚಿಂತೆನಾ? ನಿಮ್ಮ ಹಲ್ಲಿನ ಡಬ್ಬಿ ಅನ್ಕೊಂಡ್ರಾ?" ಎಂದು ಕೂಗಿದೆ. ಅತ್ತೆ ನನ್ನ ಮೊಣಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು.

"ಅವನು ಯಾಕೆ ಗೋಡೆ ನೋಡ್ತಾವ್ನೆ ಗೊತ್ತಾ ನಿಂಗೆ? ತೀರ್ಪು ಆಗೋಯ್ತು ಅಂತ. ತೀರ್ಪು ಇಲ್ಲಿ ಕೊಡಲ್ಲ ಕಣೇ ದೇವ್ರು. ಅದು ಸತ್ತಮೇಲೆ. ಅದೂ ಕಡೇ ತೀರ್ಪು ಕೊಡೋದು ಮೈ ಪೂರ್ತಿ ಎದ್ದು ನಿಂತ್ಮೇಲೆ. ಕಂತಲ್ಲಿ ಕೊಡಲ್ಲ, ಇವತ್ತು ಒಂದು ಕಾಲಿಗೆ, ನಾಳೆ ಒಂದು ಕೈಗೆ ಅಂತ. ಬಾಯಲ್ಲಿ ಹೇಳಿದ್ರೆ ಅವನು ಕೇಳಲ್ಲ. ಆ ಕಾಲು ಸುಡೋಕೆ ಬಿಟ್ರೆ, ಮುಗೀತು ಅಂತ ನಾವೂ ಒಪ್ಕೊಂಡಂಗೆ. ಮಣ್ಣಲ್ಲಿ ಇಟ್ರೆ, ಅದು ಕಾಯ್ತಾ ಇದೆ ಅಂತ."

ನಾನು ಒಪ್ಪಿಕೊಂಡೆ ಎಂದಲ್ಲ, ಅಳುವ ಬದಲು ಮಾಡಲು ಒಂದು ಕೆಲಸ ಸಿಕ್ಕಿತು ಅಂತ ಅವರ ಹಿಂದೆ ಚರ್ಚಿಗೆ ಹೋದೆ.

ಸ್ವಾಮಿಗಳು ಅವರಿಗೆ ಸಮಾಧಾನ ಹೇಳಲು ನೋಡಿದರು. "ಅಮ್ಮ, ಕಡಲಲ್ಲಿ ಮುಳುಗಿದವರನ್ನೂ ಹುಲಿ ತಿಂದವರನ್ನೂ ದೇವರು ಎಬ್ಬಿಸುತ್ತಾರೆ. ಒಂದು ಕಾಲು ಅವರಿಗೆ ಕಷ್ಟವೇ?"

"ಅವ್ರಿಗೆ ಕಷ್ಟ ಇಲ್ಲ ಸ್ವಾಮಿ. ಹುಲಿ ಹೊಟ್ಟೇಲಿದ್ರೆ ನಾನೂ ಸುಮ್ನಿರ್ತಿದ್ದೆ. ಇದು ಆಸ್ಪತ್ರೆ ಹಿಂದೆ ಷೆಡ್ಡಲ್ಲಿ ಐತೆ" ಅಂದರು ಅತ್ತೆ. ಸ್ವಾಮಿಗಳು ಇನ್ನೂ ಏನೋ ಹೇಳುವವರಿದ್ದರು. ಅತ್ತೆ ಬಿಡಲಿಲ್ಲ. "ಭಾನುವಾರ ನೀವೇ ಆ ಹೆಬ್ಬೆರಳಿಗೆ ಎಣ್ಣೆ ಹಚ್ಚಿದ್ರಿ. ಪವಿತ್ರ ಎಣ್ಣೆ ಹಚ್ಚಿದ ಪಾದಾನ ಕಸದ ಜೊತೆ ಸುಡಬಹುದಾ? ನೀವು ಓದಿದೋರು, ನೀವೇ ಹೇಳಿ."

ಸ್ವಾಮಿಗಳು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕಾಗದ ಪೆನ್ನು ತೆಗೆದುಕೊಂಡರು. ಕಾಲಿಗೆಂದು ಪೂಜಾವಿಧಿ ಯಾವುದೂ ಇಲ್ಲ, ತೀರ್ಥ ಹಾಕಿ ಒಂದು ಪ್ರಾರ್ಥನೆ ಹೇಳುತ್ತೇನೆ ಎಂದು ಮಾತ್ರ ಮೊದಲೇ ಹೇಳಿದರು.

ಪೆಟ್ಟಿಗೆಗೆ ಅತ್ತೆ ಯಜಮಾನರ ಸಾಮಾನಿನ ಪೆಟ್ಟಿಗೆಯನ್ನೇ ಖಾಲಿ ಮಾಡಿದರು. ಕರಣೆ, ತೂಕದ ಗುಂಡು, ದಾರದ ಉಂಡೆ ಎಲ್ಲ ನೆಲದ ಮೇಲೆ ಸಾಲಾಗಿ ಕೂತಿದ್ದವು. ನಾನು ಮುಖ ಊದಿಸಿಕೊಂಡದ್ದು ನೋಡಿ, "ಸಾಮಾನು ಹೊರಗೇ ಇಟ್ಟಿದೀನಿ ಕಣೇ. ಎದ್ದ್ಮೇಲೆ ಬೇಕಾಗುತ್ತೆ" ಅಂದರು. ತಳಕ್ಕೆ ಸುಣ್ಣ ಹರಡಿದರು. ಗುರುವಾರ ಬೆಳಗ್ಗೆ ಷೆಡ್ಡಿನ ಆಳು ಬಿಳಿ ಬಟ್ಟೆ ಸುತ್ತಿದ್ದ ಅದನ್ನು ಎರಡೂ ಕೈಯಲ್ಲಿ ತಂದು ಪೆಟ್ಟಿಗೆಯಲ್ಲಿಟ್ಟ. ಅದರ ಭಾರ ನನಗೆ ಇವತ್ತಿಗೂ ತೊಡೆಯ ಮೇಲಿದೆ. ಜಟಕಾದಲ್ಲಿ ಒಂದು ತುದಿ ನನ್ನ ತೊಡೆಯ ಮೇಲೆ, ಇನ್ನೊಂದು ಅತ್ತೆಯ ತೊಡೆಯ ಮೇಲೆ.

ಜಟಕಾದ ಸಾಬರು ಪೆಟ್ಟಿಗೇಲಿ ಏನಮ್ಮ ಎಂದು ಕೇಳಿದರು. ನಾನು ಏನಾದರೊಂದು ಸುಳ್ಳು ಹುಡುಕುತ್ತಿದ್ದೆ. "ನನ್ನ ಮಗನ ಕಾಲು. ಮಣ್ಣು ಮಾಡಕ್ಕೆ ಹೋಗ್ತಾ ಇದೀವಿ" ಅಂದುಬಿಟ್ಟರು ಅತ್ತೆ. ಇಳಿಸಿಬಿಡುತ್ತಾರೆ ಅಂದುಕೊಂಡೆ. ಅವರು ಲಗಾಮು ಎಳೆದು ಗಾಡಿ ನಿಧಾನ ಮಾಡಿದರು. "ನಮ್ಮಲ್ಲೂ ಹಂಗೇ ಅಮ್ಮ. ಕಯಾಮತ್ ದಿನ ಸತ್ತೋರೆಲ್ಲ ಎದ್ದಾಗ ಬೇಕಲ್ಲ" ಅಂದರು. ಮಾಗಡಿ ರಸ್ತೆಯವರೆಗೂ ಕುದುರೆಯನ್ನು ಓಡಿಸಲಿಲ್ಲ, ನಡೆಸಿಕೊಂಡೇ ಬಂದರು.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ. ಸಮಾಧಿ ಭೂಮಿಯಲ್ಲಿ ಗುದ್ದಲಿ ಬೀಳುವ ಮುಂಚೆ ಸಾವಿನ ಗಂಟೆ ಹೊಡೆಯಬೇಕು. ಮಗುವಾದರೆ ಸಣ್ಣ ಗಂಟೆ, ಹೆಂಗಸಾದರೆ ದೊಡ್ಡ ಗಂಟೆಗೆ ಎರಡೆರಡು ಪೆಟ್ಟು, ಗಂಡಸಾದರೆ ಮೂರು ಮೂರು. ಉಪದೇಶಿಗಳು ಸ್ವಾಮಿಗಳ ಚೀಟಿ ಎರಡು ಸಲ ಓದಿದರು, ಪೆಟ್ಟಿಗೆ ನೋಡಿದರು, ತಲೆ ಕೆರೆದುಕೊಂಡರು. ಗುದ್ದಲಿ ಬಿದ್ದರೆ ಗಂಟೆ ಆಗಲೇಬೇಕು. ಕಾಲಿಗೆ ಬೇಡ ಎಂದು ಎಲ್ಲೂ ಬರೆದಿಲ್ಲ. "ಗಂಡಸಿನದು ತಾನೆ?" ಎಂದು ಕೇಳಿ ಹಗ್ಗ ಹಿಡಿದರು. ಮೂರು ಪೆಟ್ಟು, ಬಿಡುವು, ಮತ್ತೆ ಮೂರು.

ಆಗ ರಾಜಾಜಿನಗರದಲ್ಲಿ ಅಷ್ಟೊಂದು ಸದ್ದುಗದ್ದಲವಿರಲಿಲ್ಲ. ಗಂಟೆ ದೂರದವರೆಗೂ ಕೇಳಿಸಿತು. ಮೇಸ್ತ್ರಿ ಆಸ್ಪತ್ರೆಯಲ್ಲಿರುವುದು ಎಲ್ಲರಿಗೂ ಗೊತ್ತು, ಮೂರು ಪೆಟ್ಟು ಬಿದ್ದರೆ ಇನ್ಯಾರು? ಹೆಂಗಸರು ಒಲೆ ಆರಿಸಿ ಬಂದರು, ಕೆಲಸಗಾರರು ಸುಣ್ಣದ ಕೈಯಲ್ಲೇ ಬಂದರು, ನಮ್ಮ ಗೌಡರ ಮನೆಯ ಅಜ್ಜಿ ಹೂವಿನ ಜೊತೆ ಬಂದರು. ಕಾಲಿಗೆ ಗಂಟೆ ಹೊಡೆದಾರು ಎಂದು ಎಣಿಸಿರದ ಸ್ವಾಮಿಗಳೂ ಗಾಬರಿಯಿಂದ ಓಡಿ ಬಂದರು. ಬಂದವರೆಲ್ಲ ಗೋಳೋ ಎಂದು ಅಳುತ್ತ ನನ್ನನ್ನು ತಬ್ಬಿಕೊಳ್ಳುತ್ತಿದ್ದರೆ ನಾನು "ಇಲ್ಲ, ಬದುಕಿದಾರೆ" ಅನ್ನುತ್ತಿದ್ದೆ. ದುಃಖಕ್ಕೆ ಇವಳ ತಲೆ ಕೆಟ್ಟಿದೆ ಎಂದು ಇನ್ನಷ್ಟು ಅತ್ತರು. ಕೊನೆಗೆ ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಕಾಲು ಕಣ್ರಪ್ಪ. ಕಾಲು ಒಂದೇ. ಉಳಿದೋನು ಆಸ್ಪತ್ರೇಲಿದಾನೆ. ಬಂದಿದೀರಲ್ಲ, ನಿಂತು ಒಂದು ಜಪ ಹೇಳಿ ಹೋಗಿ" ಅಂದರು. ಅಷ್ಟು ಜನ ನಿಂತು ಜಪ ಹೇಳಿದರು. ದೊಡ್ಡ ಮನುಷ್ಯರ ಮಣ್ಣಿಗೂ ಅಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ.

ಆದರೆ ಇಬ್ಬರು ಅಲ್ಲಿಗೆ ಬರಲಿಲ್ಲ. ಯಜಮಾನರ ಕೈಕೆಳಗೆ ವರ್ಷಾನುಗಟ್ಟಲೆ ದುಡಿದ ಇಬ್ಬರು ಗಾರೆಯವರು. ಗಂಟೆ ಕೇಳಿದ್ದೇ ತಡ, ಹೆಣ ತರಲು ಹೆಗಲು ಬೇಕಲ್ಲ ಎಂದು ನೇರ ಆಸ್ಪತ್ರೆಗೆ ಓಡಿದ್ದರು. ಅಲ್ಲಿ ನಡೆದದ್ದನ್ನು ಪಕ್ಕದ ಮಂಚದ ರೋಗಿ ಆಮೇಲೆ ಬಂದವರಿಗೆಲ್ಲ ಹೇಳಿ ಹೇಳಿ, ನನಗೆ ಕಣ್ಣಾರೆ ಕಂಡಷ್ಟು ಗೊತ್ತು.

ಯಜಮಾನರು ಎಂದಿನಂತೆ ಗೋಡೆ ಕಡೆ ತಿರುಗಿ ತಲೆಯವರೆಗೂ ಬಿಳಿ ಹೊದಿಕೆ ಎಳೆದುಕೊಂಡಿದ್ದರು. ನೋಡಿದ ಕೂಡಲೇ ಆ ಇಬ್ಬರೂ ಮಂಚದ ಕಾಲ ಬಳಿ ಕುಸಿದು ಅಳಲು ಶುರು ಮಾಡಿದರು. ತನಗೆ ಜ್ವರ ಬಂದಾಗ ತನ್ನ ಪಾಲಿನ ಕೆಲಸವನ್ನೂ ಮೇಸ್ತ್ರಿಯೇ ಮಾಡುತ್ತಿದ್ದರು ಎಂದು ಒಬ್ಬ. ಎಷ್ಟು ಎತ್ತರದ ಬಿದಿರಿನ ಸಾರುವೆಯಾದರೂ ಮೊದಲು ತಾವೇ ಹತ್ತಿ ನೋಡಿ ಆಮೇಲೆ ನಮ್ಮನ್ನು ಹತ್ತಿಸುತ್ತಿದ್ದರು ಎಂದು ಇನ್ನೊಬ್ಬ. ಆಮೇಲೆ ಆ ಎರಡನೆಯವನು ಎದೆ ಬಡಿದುಕೊಂಡು, "ಹಗ್ಗ ಜಾರಿದಾಗ ಕಲ್ಲಿನ ಕೆಳಗೆ ಇದ್ದೋನು ನಾನು. ನನ್ನ ತಳ್ಳಿ ನೀವು ಸಿಕ್ಕಾಕೊಂಡ್ರಿ ಅಣ್ಣಾ. ನನ್ನ ಸಾವು ನೀವು ತಗೊಂಡ್ರಿ" ಅಂದನಂತೆ.

ಈ ಮಾತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ಹೇಳಿರಲಿಲ್ಲ. ಅವರ ನೆನಪಿನಲ್ಲಿ ಉಳಿದಿದ್ದದ್ದು ಭಾನುವಾರ ಒಂದೇ.

ಹೊದಿಕೆಯ ಒಳಗಿಂದ ಧ್ವನಿ ಬಂತು. "ಹಗ್ಗ ಎರಡು ಸುತ್ತು ಹಾಕು ಅಂತ ಎಷ್ಟು ಸಲ ಹೇಳಿದ್ದೆ ನಿಂಗೆ?"

ಒಬ್ಬ ಪಕ್ಕದ ರೋಗಿಯ ಮಂಚದ ಮೇಲೆ ಹಾರಿದ. ಇನ್ನೊಬ್ಬ ಬಾಗಿಲ ತನಕ ಓಡಿ ಅಲ್ಲಿ ನರ್ಸಮ್ಮನಿಗೆ ಡಿಕ್ಕಿ ಹೊಡೆದ.

ನಾವು ಸಮಾಧಿ ಭೂಮಿಯಿಂದ ಬರುವಷ್ಟರಲ್ಲಿ ಯಜಮಾನರು ದಿಂಬಿಗೆ ಒರಗಿ ಕೂತಿದ್ದರು. ಮುಖ ಕೆಂಪಾಗಿತ್ತು. ನಾಲ್ಕು ದಿನದಿಂದ ಗೋಡೆಗೆ ಕೊಟ್ಟಿದ್ದ ಮುಖವನ್ನು ನನಗೆ ಕೊಟ್ಟು, "ನಾನು ಸತ್ತೆ ಅಂತ ಗಂಟೆ ಹೊಡ್ಸಿದ್ದು ಯಾರೇ?" ಎಂದು ಗದರಿದರು. ಅಷ್ಟು ಚೆಂದದ ಗದರಿಕೆಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

"ನಿಂಗಲ್ಲ ಕಣೋ, ನಿನ್ನ ಕಾಲಿಗೆ" ಅಂದರು ಅತ್ತೆ.

"ಕಾಲಿಗೆ ಗಂಟೆನಾ?"

"ಮೂರು ಮೂರು ಪೆಟ್ಟು. ಜನ ಎಷ್ಟು ಸೇರಿತ್ತು ಅಂತ ಇವಳನ್ನ ಕೇಳು."

ಅವರು ನಕ್ಕರು. ನಗುವಾಗ ಗಾಯ ನೋಯುತ್ತಿತ್ತು, ಹಲ್ಲು ಕಚ್ಚಿ ಮತ್ತೆ ನಕ್ಕರು. ಆಮೇಲೆ ಒಮ್ಮೆಲೇ ಗಂಭೀರವಾಗಿ, ಮಂಚದ ಬಳಿ ನಿಂತಿದ್ದ ಗಾರೆಯವರನ್ನು ತೋರಿಸಿ, "ಅಮ್ಮಾ, ಕಲ್ಲು ಬೀಳೋವಾಗ ಇವನನ್ನ ತಳ್ಳಿ ಉಳಿಸ್ದೆ ಅಂತ ಇವ್ರು ನನ್ನ ಒಳ್ಳೇವ್ನು ಅಂತಾರೆ. ಉಪದೇಶಿಗಳು ಪಾಪಿ ಅಂತಾರೆ. ಯಾವ್ದು ದಿಟ?" ಎಂದು ಕೇಳಿದರು.

"ಅವ್ರದ್ದೂ ತೀರ್ಪಲ್ಲ, ಇವ್ರದ್ದೂ ತೀರ್ಪಲ್ಲ. ಅದನ್ನ ಹೇಳೋನು ಬೇರೆ, ಅವನಿಗೆ ಅವಸರ ಇಲ್ಲ. ಭಾನುವಾರ ಪೂಜೆ ಬಿಟ್ಟಿದ್ದೂ ಹೇಳು, ಇವನನ್ನ ತಳ್ಳಿದ್ದೂ ಹೇಳು, ಎರಡೂ ಕೇಳ್ತಾನೆ. ನಿನ್ನ ಕಾಲು ಅಲ್ಲಿ ಕಾಯ್ತಾ ಐತೆ, ನೀನು ಇಲ್ಲಿ ಮಲಗಿ ಕೊಳೀಬೇಡ." ಗಂಜಿಯ ಲೋಟವನ್ನು ಅತ್ತೆ ನನ್ನ ಕೈಗೆ ಕೊಟ್ಟರು. ಯಜಮಾನರು ಪೂರ್ತಿ ಕುಡಿದು, ಇನ್ನೂ ಇದೆಯಾ ಎಂದು ಕೇಳಿದರು. ನಾನು ವರಾಂಡಕ್ಕೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಗೆದ್ದಿದ್ದೆವು, ನನಗೆ ಗೊತ್ತಾಗಿತ್ತು. ಶನಿವಾರ ಸ್ವಾಮಿಗಳು ಬಂದಾಗ ಅವರು ಪಾಪನಿವೇದನೆಯನ್ನೂ ಮಾಡಿದರು.

ಮರದ ಕಾಲನ್ನು ಅವರ ಜೊತೆಯ ಬಡಗಿಯೊಬ್ಬರು ಕೆತ್ತಿಕೊಟ್ಟರು. ಮಳೆಗಾಲವೆಲ್ಲ ಹಜಾರದಲ್ಲಿ ಗೋಡೆ ಹಿಡಿದು ನಡೆದರು, ಬಿದ್ದರು, ಬೈದರು, ಎದ್ದರು. ಏಳುವಾಗ ಕೈ ಕೊಡಲು ಹೋದರೆ ನನಗೂ ಬೈಗಳು. ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಅವತ್ತು ಮೃತರಿಗಾಗಿ ಪೂಜೆ ಮಾಡಿ ಸಮಾಧಿಗಳಿಗೆಲ್ಲ ತೀರ್ಥ ಹಾಕುತ್ತಾರೆ. ಜಟಕಾ ಬೇಡ ಅಂದರು. ಮನೆಯಿಂದ ಸಮಾಧಿ ಭೂಮಿಯವರೆಗೆ ಟಕ್ ಟಕ್ ಎಂದು ನಡೆದೇ ಬಂದರು. ಜನ ಮನೆಗಳಿಂದ ಹೊರಗೆ ಬಂದು ನೋಡಿದರು. ಉಪದೇಶಿಗಳು ಗೇಟು ಪೂರ್ತಿ ತೆರೆದು ಪಕ್ಕಕ್ಕೆ ಸರಿದು, "ಬಾಪ್ಪ" ಎಂದು ಕೈ ಹಿಡಿದರು.

ಆ ಸಣ್ಣ ದಿಬ್ಬದ ಮುಂದೆ ನಾವು ಮೂವರೂ ಮೋಂಬತ್ತಿ ಹಚ್ಚಿದೆವು. ಸ್ವಾಮಿಗಳು ಸಾಲು ಸಾಲಾಗಿ ತೀರ್ಥ ಹಾಕಿಕೊಂಡು ಬಂದು ನಮ್ಮದಕ್ಕೂ ಹಾಕಿದರು. ಆಮೇಲೆ ಎಲ್ಲರೂ ಮಂಡಿಯೂರಿ ವಿಶ್ವಾಸದ ಪ್ರಾರ್ಥನೆ ಹೇಳಬೇಕು. ಇಡೀ ಸಮಾಧಿ ಭೂಮಿಯಲ್ಲಿ ಜನ ಒಬ್ಬೊಬ್ಬರಾಗಿ ಮಂಡಿಯೂರಿದರು. ಬಿಳಿ ಸೀರೆಗಳು, ಕರಿ ಕೋಟುಗಳು ಎಲ್ಲ ನೆಲಕ್ಕಿಳಿದವು. ಯಜಮಾನರಿಗೆ ಊರಲು ಆ ಮಂಡಿಯೇ ಇಲ್ಲ. ಕೋಲು ಹಿಡಿದು, ಏನು ಮಾಡಬೇಕೆಂದು ತೋಚದೆ, ನಾಚಿಕೆಯಿಂದ ಸುತ್ತ ನೋಡುತ್ತ ನಿಂತರು. ಅಷ್ಟೂ ಸಮಾಧಿಗಳ ನಡುವೆ ನಿಂತಿದ್ದವರು ಅವರೊಬ್ಬರೇ.

ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ ಎಂಬ ಮಾತು ಬಂದಾಗ ಅತ್ತೆ ಪ್ರಾರ್ಥನೆ ನಿಲ್ಲಿಸಿ ನನ್ನ ಪಕ್ಕೆಗೆ ತಿವಿದರು. ಮಂಡಿಯೂರಿದ್ದಲ್ಲಿಂದಲೇ ಮಗನ ಕಡೆ ಕತ್ತೆತ್ತಿ ನೋಡಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು.

"ನೋಡೇ. ಎಲ್ರಿಗಿಂತ ಮುಂಚೆ ಎದ್ದು ನಿಂತವ್ನೆ ನನ್ನ ಮಗ."